ಮೂರು ದಾಖಲೆಯಲ್ಲಿ ಮೂರು ಹೆಸರು: ಗಂಡನ ಬಳಿ ಅಮೆರಿಕಕ್ಕೆ ಹೋಗಲು ಕಾಗದಪತ್ರ ಹೊಂದಿಸುವುದು ಹೇಗೆ?

ಪ್ರಶ್ನೆ: ನಾನು ಹುಟ್ಟಿದ್ದು 1994ರಲ್ಲಿ, ಕುಂದಾಪುರದ ಹತ್ತಿರದ ಹಳ್ಳಿಯಲ್ಲಿ. ಬೆಳೆದದ್ದು, ಓದಿದ್ದು ಡೊಂಬಿವಲಿಯಲ್ಲಿ. ಕಳೆದ ಫೆಬ್ರವರಿಯಲ್ಲಿ ಕುಂದಾಪುರದ ಸಭಾಭವನದಲ್ಲಿ ಮದುವೆಯಾಯಿತು. ನನ್ನ ಗಂಡ ಅಮೆರಿಕದ ಪೌರರು. ಎರಡೇ ವಾರದಲ್ಲಿ ಅವರು ವಾಪಸು ಹೋದ ಕಾರಣ ಮದುವೆ ನೋಂದಣಿ ಆಗಲಿಲ್ಲ. ಡಿಸೆಂಬರಿನಲ್ಲಿ ಮತ್ತೆ ಬರುತ್ತಾರೆ. ನನ್ನ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ, ‘ಹೆಣ್ಣು’ ಎಂದಷ್ಟೇ ಇದೆ. ಅಮ್ಮನ ಹೆಸರು ಅಲ್ಲಿ ‘ಗಿರಿಜ’, ಆಧಾರ್‌ನಲ್ಲಿ ‘ಗಿರಿಜಾ ಶೀನ ಪೂಜಾರಿ’. ಶಾಲೆಯ ಎಲ್‌ಸಿಯಲ್ಲಿ (ಶಾಲೆ ಬಿಟ್ಟ ಪ್ರಮಾಣಪತ್ರ) ನಾನು ‘ಸುಜಾತಾ ಶೀನ ಪೂಜಾರಿ’, ಪಾಸ್‌ಪೋರ್ಟಿನಲ್ಲಿ ಬರೀ ‘ಸುಜಾತಾ’, ಅಡ್ಡಹೆಸರಿನ ಜಾಗ ಖಾಲಿ. ನಡುವೆ 14 ತಿಂಗಳು ದುಬೈಯಲ್ಲಿ ಕೆಲಸ ಮಾಡಿದ್ದೇನೆ. ಇಲ್ಲಿನ ಏಜೆಂಟರೊಬ್ಬರು, ‘ಮೊದಲು ಗಂಡನ ಅಡ್ಡಹೆಸರು ಹಾಕಿಸಿ ಪಾಸ್‌ಪೋರ್ಟ್ ಮಾಡಿಸಿ, ಹೊಸ ಜನನ ಪ್ರಮಾಣಪತ್ರ ತೆಗೆಸೋಣ, ಎಲ್ಲದಕ್ಕೂ ಅಪೊಸ್ಟಿಲ್ (ವಿದೇಶದಲ್ಲಿ ನಡೆಯಲೆಂದು ಸರಕಾರ ಹಾಕುವ ದೃಢೀಕರಣ ಮುದ್ರೆ) ಬೇಕು’ ಎಂದು 85,000 ರೂಪಾಯಿ ಹೇಳಿದ್ದಾರೆ. ಮನೆಯವರು, ‘ಟೂರಿಸ್ಟ್ ವೀಸಾದಲ್ಲಿ ಹೋಗಿಬಿಡು, ಉಳಿದದ್ದು ಅಲ್ಲೇ ಆಗುತ್ತದೆ’ ಎನ್ನುತ್ತಾರೆ. ಏನು ಮಾಡಲಿ? (ಹೆಸರುಗಳನ್ನು ಬದಲಿಸಲಾಗಿದೆ.)

ಉತ್ತರ: ನಿಮ್ಮ ಪತ್ರ ಓದಿದರೆ ನಿಮ್ಮನ್ನು ಕಾಡುತ್ತಿರುವುದು ಒಂದೇ ಭಯ: ಕಾಗದಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ, ಇದರಿಂದ ವೀಸಾ ತಪ್ಪಿಹೋಗಬಹುದೇ ಎಂಬುದು. ಆ ಭಯದ ಮೇಲೆಯೇ ಏಜೆಂಟರು 85,000 ಹೇಳಿದ್ದಾರೆ. ಮೊದಲು ಸಮಾಧಾನದ ಮಾತು: ನೀವು ಬರೆದ ವ್ಯತ್ಯಾಸಗಳಲ್ಲಿ ಒಂದೂ ವೀಸಾ ನಿಲ್ಲಿಸುವಂಥದ್ದಲ್ಲ. ಕರಾವಳಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಹೆಚ್ಚಿನವರ ಕಡತ ಹೀಗೆಯೇ ಇರುತ್ತದೆ. ಊರಿನ ಗ್ರಾಮ ಲೆಕ್ಕಿಗರು ಒಂದು ರೀತಿ ಬರೆದಿರುತ್ತಾರೆ. ಮಹಾರಾಷ್ಟ್ರದ ಶಾಲೆ ನಡುವೆ ಅಪ್ಪನ ಹೆಸರು, ಕೊನೆಗೆ ಅಡ್ಡಹೆಸರು ಸೇರಿಸುತ್ತದೆ. ಪಾಸ್‌ಪೋರ್ಟ್ ಅರ್ಜಿ ತುಂಬಿದವರು ಮತ್ತೊಂದು ರೀತಿ ತುಂಬಿರುತ್ತಾರೆ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಅಮೆರಿಕದ ದೂತಾವಾಸದಲ್ಲಿ ಕುಳಿತ ಅಧಿಕಾರಿ ಇದನ್ನು ದಿನವೂ ನೋಡುತ್ತಾರೆ.

ಅವರಿಗೆ ಬೇಕಾದದ್ದು ಇಷ್ಟೇ. ಈ ಕಾಗದಗಳೆಲ್ಲ ಒಬ್ಬರವೇ? ಮದುವೆ ಕಾನೂನಿನ ಪ್ರಕಾರ ಆಗಿದೆಯೇ, ನಿಜವಾದ ಸಂಸಾರವೇ? ಹೋದ ಮೇಲೆ ಸಾಕುವಷ್ಟು ಆದಾಯ ಗಂಡನಿಗಿದೆಯೇ? ವ್ಯತ್ಯಾಸ ಇದ್ದು ಅದಕ್ಕೆ ಕಾರಣ ಕೊಟ್ಟರೆ ಕಡತ ಮುಂದೆ ಹೋಗುತ್ತದೆ. ವ್ಯತ್ಯಾಸವನ್ನು ಅಳಿಸಲು ಹೊಸ ಕಾಗದ ಹುಟ್ಟಿಸಿದ್ದು ಗೊತ್ತಾದರೆ ಮಾತ್ರ ನಿಜವಾದ ಅಪಾಯ. ಸುಳ್ಳು ದಾಖಲೆ ಕೊಟ್ಟು ವೀಸಾ ಕೇಳಿದರೆಂದು ತೀರ್ಮಾನವಾದರೆ ಅಮೆರಿಕದ ಕಾನೂನು ಜೀವನಪರ್ಯಂತ ಬಾಗಿಲು ಮುಚ್ಚುತ್ತದೆ. ಆಮೇಲೆ ವಿನಾಯಿತಿ ಕೇಳಬಹುದು, ಆದರೆ ಅದು ಪ್ರತ್ಯೇಕ ಅರ್ಜಿ, ಪ್ರತ್ಯೇಕ ಖರ್ಚು, ಸಿಗುವ ಖಾತ್ರಿಯೂ ಇಲ್ಲ.

ಹಾಗಾಗಿ ಏಜೆಂಟರ ‘ಹೊಸ ಜನನ ಪ್ರಮಾಣಪತ್ರ’ದ ಮಾತನ್ನು ಇಲ್ಲಿಗೇ ಬಿಡಿ. ನಿಮ್ಮ ಜನನ ಆಗಲೇ ನೋಂದಣಿಯಾಗಿದೆ. ಅದಿದ್ದೂ ಡೊಂಬಿವಲಿಯಲ್ಲೋ ಇನ್ನೆಲ್ಲೋ ‘ತಡವಾದ ನೋಂದಣಿ’ ಎಂದು ಇನ್ನೊಂದು ಮಾಡಿಸಿದರೆ ಒಂದೇ ಜೀವಕ್ಕೆ ಎರಡು ಹುಟ್ಟು ದಾಖಲಾಗುತ್ತದೆ. ಒಂದು ವರ್ಷ ದಾಟಿದ ನೋಂದಣಿಗೆ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕು, ಅದಕ್ಕಾಗಿ ‘ಹಿಂದೆ ನೋಂದಣಿ ಆಗಿಲ್ಲ’ ಎಂದು ನೀವೇ ಪ್ರಮಾಣ ಮಾಡಬೇಕು. ಆ ಪ್ರಮಾಣವೇ ಸುಳ್ಳಾಗುತ್ತದೆ.

ಸರಿಯಾದ ದಾರಿ ಇರುವುದು ಮೂಲ ದಾಖಲೆಯಲ್ಲೇ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೇ ಕಲಮು ಹೆಸರಿಲ್ಲದೆ ನೋಂದಣಿಯಾದ ಮಗುವಿಗೆ ಹೆಸರು ಸೇರಿಸುವ ಬಗ್ಗೆ, 15ನೇ ಕಲಮು ತಪ್ಪು ತಿದ್ದುವ ಬಗ್ಗೆ ಹೇಳುತ್ತದೆ. ತಿದ್ದುವುದೆಂದರೆ ಹಳೆಯ ಸಾಲನ್ನು ಹೊಡೆದುಹಾಕಿ ಹೊಸದು ಬರೆಯುವುದಲ್ಲ. ಮೂಲ ನಮೂದು ಹಾಗೆಯೇ ಉಳಿಯುತ್ತದೆ, ರಿಜಿಸ್ಟರಿನ ಅಂಚಿನಲ್ಲಿ ಸರಿಯಾದದ್ದನ್ನು ಬರೆದು, ನೋಂದಣಾಧಿಕಾರಿ ಸಹಿ ಮತ್ತು ದಿನಾಂಕ ಹಾಕುತ್ತಾರೆ. ಹಾಗೆ ತಿದ್ದಿದ ಪ್ರಮಾಣಪತ್ರವನ್ನು ದೂತಾವಾಸ ಅನುಮಾನದಿಂದ ನೋಡುವುದಿಲ್ಲ.

ಊರಿಗೆ ಹೋಗುವಾಗ ಹಳೆಯ ಜನನ ಪ್ರಮಾಣಪತ್ರ, ಎಲ್‌ಸಿ, ಹತ್ತನೆಯ ತರಗತಿಯ ಅಂಕಪಟ್ಟಿ, ಪಾಸ್‌ಪೋರ್ಟ್, ತಂದೆ ತಾಯಿಯ ಆಧಾರ್ ಒಯ್ಯಿರಿ. ತಂದೆ ತಾಯಿ ಜೊತೆಗೆ ಬಂದರೆ ಕೆಲಸ ಹಗುರ. ಹೆಸರು ಸೇರಿಸಲು ನಿಯಮದಲ್ಲಿ 15 ವರ್ಷದ ಗಡುವಿದೆ, ನಿಮಗೆ ಅದು ದಾಟಿದೆ. ಕಾಲಕಾಲಕ್ಕೆ ಸರಕಾರಗಳು ಗಡುವನ್ನು ವಿಸ್ತರಿಸುತ್ತವೆ. ಅದಕ್ಕೇ ಮೊದಲು ತಾಲ್ಲೂಕು ಕಚೇರಿಯಲ್ಲಿ ಈಗ ಅವಕಾಶ ಇದೆಯೇ ಎಂದು ಕೇಳಿ, ಆಮೇಲೆ ರೈಲಿನ ಟಿಕೆಟ್ ತೆಗೆಸಿ.

ಸೇರಿಸಲು ಆಗಲಿಲ್ಲವೆಂದರೆ ಗಾಬರಿ ಬೇಡ. ಅಮೆರಿಕದ ವಲಸೆ ವೀಸಾಕ್ಕೆ ಜನನ ಪ್ರಮಾಣಪತ್ರದಲ್ಲಿ ಹೆಸರು, ಹುಟ್ಟಿದ ದಿನ, ಊರು, ತಂದೆ ತಾಯಿಯ ಹೆಸರು ಇರಬೇಕು. ಇವುಗಳಲ್ಲಿ ಯಾವುದಾದರೂ ಇಲ್ಲದಿದ್ದರೆ ಪೂರಕ ದಾಖಲೆ ಕೊಡಲು ಅವರ ನಿಯಮವೇ ಅವಕಾಶ ಕೊಡುತ್ತದೆ. ನಿಮ್ಮ ವಿಷಯದಲ್ಲಿ ಹೆಸರಿಲ್ಲದ ಮೂಲ ಪ್ರಮಾಣಪತ್ರ, ಹೆಸರು ಸೇರಿಸಲಾಗದು ಎಂದು ನೋಂದಣಾಧಿಕಾರಿ ಕೊಡುವ ಬರಹ, ಎಲ್‌ಸಿ, ಜೊತೆಗೆ ನಿಮಗಿಂತ ಹಿರಿಯರಾದ ಇಬ್ಬರು ಹತ್ತಿರದ ಸಂಬಂಧಿಕರ ಅಫಿಡವಿಟ್. ಅಮ್ಮ ಮತ್ತು ಸೋದರಮಾವ ಆಗಬಹುದು. ಅಫಿಡವಿಟ್ಟಿನಲ್ಲಿ ‘ಇವಳು ನನ್ನ ಮಗಳು’ ಎಂದಷ್ಟೇ ಬರೆಸಬೇಡಿ. ಹುಟ್ಟಿದ ದಿನ, ಯಾವ ಊರು, ಮನೆಯಲ್ಲೋ ಆಸ್ಪತ್ರೆಯಲ್ಲೋ, ತಂದೆ ತಾಯಿಯ ಪೂರ್ಣ ಹೆಸರು, ಬರೆದವರಿಗೆ ಇದು ಹೇಗೆ ಗೊತ್ತು, ಇಷ್ಟೂ ಇರಬೇಕು. ಅಮ್ಮನ ಅಫಿಡವಿಟ್ಟಿನಲ್ಲೇ ‘ಜನನ ದಾಖಲೆಯ ಗಿರಿಜ ಮತ್ತು ಆಧಾರ್‌ನ ಗಿರಿಜಾ ಶೀನ ಪೂಜಾರಿ ಇಬ್ಬರೂ ನಾನೇ’ ಎಂಬ ಸಾಲೂ ಸೇರಲಿ. ಮಹಾರಾಷ್ಟ್ರದಲ್ಲಿ ಬರೆಸಿದರೆ ಈಗ 500 ರೂಪಾಯಿಯ ಸ್ಟ್ಯಾಂಪ್ ಪೇಪರ್ ಕೇಳುತ್ತಾರೆ. ಎರಡು ವಿಷಯಕ್ಕೆ ಎರಡು ಕಾಗದ ಮಾಡಿಸಿ ಖರ್ಚು ಹೆಚ್ಚಿಸಿಕೊಳ್ಳಬೇಡಿ.

ಇನ್ನೊಂದು ವ್ಯತ್ಯಾಸ ಮುಂದೆ ನಿಮ್ಮ ಕಣ್ಣಿಗೆ ಬೀಳಬಹುದು, ಈಗಲೇ ಹೇಳಿಬಿಡುತ್ತೇನೆ. ನೀವು ಹುಟ್ಟಿದಾಗ ಕುಂದಾಪುರ ಇದ್ದದ್ದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಜನನ ಪ್ರಮಾಣಪತ್ರದಲ್ಲಿ ದಕ್ಷಿಣ ಕನ್ನಡ ಎಂದೂ ಪಾಸ್‌ಪೋರ್ಟಿನಲ್ಲಿ ಉಡುಪಿ ಎಂದೂ ಇದ್ದರೆ ಎರಡೂ ಸರಿ. ತಿದ್ದಿಸಲು ಓಡಾಡಬೇಡಿ, ಕೇಳಿದರೆ ಒಂದು ವಾಕ್ಯದಲ್ಲಿ ಹೇಳಿದರಾಯಿತು.

ಈಗ ನಿಮ್ಮ ಹೆಸರು. ಮದುವೆಯಾದ ಮೇಲೆ ಪಾಸ್‌ಪೋರ್ಟಿನಲ್ಲಿ ಗಂಡನ ಅಡ್ಡಹೆಸರು ಇರಲೇಬೇಕು ಎಂಬುದು ಸುಳ್ಳು. ಭಾರತದ ಕಾನೂನೂ ಕೇಳುವುದಿಲ್ಲ, ಅಮೆರಿಕದ್ದೂ ಕೇಳುವುದಿಲ್ಲ. ಬದಲಿಸುವುದು ಬಿಡುವುದು ನಿಮ್ಮ ಇಷ್ಟ. ವೀಸಾದ ದೃಷ್ಟಿಯಿಂದ ಮಾತ್ರ ನೋಡಿದರೆ ಬದಲಿಸದಿರುವುದೇ ಮೇಲು, ಏಕೆಂದರೆ ಮೂರು ಹೆಸರಿರುವ ಕಡತಕ್ಕೆ ನಾಲ್ಕನೆಯದು ಸೇರುತ್ತದೆ.

ಆದರೆ ಪಾಸ್‌ಪೋರ್ಟನ್ನು ಬೇರೆ ಕಾರಣಕ್ಕೆ ಮುಟ್ಟಬೇಕಾಗುತ್ತದೆ. ಅಡ್ಡಹೆಸರಿನ ಜಾಗ ಖಾಲಿ ಇದ್ದರೆ ಅಮೆರಿಕದ ವೀಸಾದಲ್ಲಿ ನಿಮ್ಮ ಒಂದೇ ಹೆಸರು ಅಡ್ಡಹೆಸರಿನ ಕಡೆ ಹೋಗುತ್ತದೆ, ಮೊದಲ ಹೆಸರಿನ ಕಡೆ ‘ಎಫ್‌ಎನ್‌ಯು’ ಎಂದು ಬರುತ್ತದೆ. ಮೊದಲ ಹೆಸರು ತಿಳಿದಿಲ್ಲ ಎಂದು ಅದರ ಅರ್ಥ. ವೀಸಾದಿಂದ ಅದು ಗ್ರೀನ್ ಕಾರ್ಡಿಗೆ, ಅಲ್ಲಿಂದ ಡ್ರೈವಿಂಗ್ ಲೈಸೆನ್ಸಿಗೆ, ಬ್ಯಾಂಕಿಗೆ ಹೋಗುತ್ತದೆ. ಅಲ್ಲಿನ ಕೌಂಟರಿನಲ್ಲಿ ‘ಎಫ್‌ಎನ್‌ಯು’ ಎಂದು ಕೂಗಿದರೆ ನೀವು ಏಳಬೇಕು. ಇದನ್ನು ತಪ್ಪಿಸಲು ಈಗಲೇ ಪಾಸ್‌ಪೋರ್ಟ್ ಮರುವಿತರಣೆಗೆ ಅರ್ಜಿ ಹಾಕಿ, ಎಲ್‌ಸಿ ಮತ್ತು ಆಧಾರ್ ಆಧಾರದ ಮೇಲೆ ಹೆಸರು ‘ಸುಜಾತಾ ಶೀನ’, ಅಡ್ಡಹೆಸರು ‘ಪೂಜಾರಿ’ ಎಂದು ಮಾಡಿಸಿಕೊಳ್ಳಿ. ಶಾಲೆಯಿಂದಲೂ ನಿಮ್ಮದಾಗಿದ್ದ ಹೆಸರದು, ಹೊಸದಾಗಿ ಇಟ್ಟುಕೊಂಡದ್ದಲ್ಲ. ಕನ್ನಡದಲ್ಲಿ ಪೂಜಾರಿ ಒಂದೇ. ಇಂಗ್ಲಿಷಿನಲ್ಲಿ ಮಾತ್ರ ಕೊನೆಯ ಅಕ್ಷರ ಒಬ್ಬರಿಗೆ ಐ, ಇನ್ನೊಬ್ಬರಿಗೆ ವೈ. ನಿಮ್ಮ ಎಲ್‌ಸಿಯಲ್ಲಿ, ಅಪ್ಪನ ಆಧಾರ್‌ನಲ್ಲಿ ಯಾವುದಿದೆ ನೋಡಿ ಒಂದನ್ನೇ ಹಿಡಿಯಿರಿ.

ಇದು ಆಗಬೇಕಾದದ್ದು ಗಂಡ ಅರ್ಜಿ ಹಾಕುವ ಮೊದಲು. ನಡುವೆ ಪಾಸ್‌ಪೋರ್ಟ್ ಬದಲಾದರೆ ನಂಬರ್ ಬದಲಾಗುತ್ತದೆ, ಹಳೆಯ ನಂಬರಿನ ಮೇಲೆ ತೆಗೆದ ಪೊಲೀಸ್ ಕ್ಲಿಯರೆನ್ಸ್ ಮತ್ತೆ ತೆಗೆಯಬೇಕಾಗುತ್ತದೆ. ರದ್ದಾದ ಹಳೆಯ ಪಾಸ್‌ಪೋರ್ಟನ್ನು ಎಸೆಯಬೇಡಿ. ದುಬೈ ವೀಸಾದ ಮುದ್ರೆ, ಹಳೆಯ ಹೆಸರು ಎರಡಕ್ಕೂ ಅದೇ ಸಾಕ್ಷಿ. ಅಮೆರಿಕದ ಪ್ರತಿ ಫಾರಂನಲ್ಲೂ ‘ಬಳಸಿದ ಇತರ ಹೆಸರುಗಳು’ ಎಂಬ ಜಾಗ ಇದೆ. ‘ಸುಜಾತಾ’ ಎಂಬ ಒಂಟಿ ಹೆಸರು, ಎಲ್ಲಾದರೂ ಬಂದಿದ್ದರೆ ಬೇರೆ ಸ್ಪೆಲ್ಲಿಂಗ್, ಎಲ್ಲವನ್ನೂ ಅಲ್ಲಿ ಬರೆಯಿರಿ. ನಾಚಿಕೆಪಟ್ಟು ಬಿಡುವ ಜಾಗ ಅದಲ್ಲ, ನಿಮ್ಮ ಮೂರೂ ಹೆಸರನ್ನು ಒಂದೇ ದಾರಕ್ಕೆ ಪೋಣಿಸುವ ಜಾಗ.

ಮದುವೆ ನೋಂದಣಿ ಇಲ್ಲದೆ ಕಡತ ತೆರೆಯುವುದೇ ಇಲ್ಲ. ಸಭಾಭವನದ ರಸೀದಿ, ದೇವಸ್ಥಾನದ ಪತ್ರ ಇದಕ್ಕೆ ಬದಲಿಯಾಗುವುದಿಲ್ಲ. ಇಬ್ಬರೂ ಹಿಂದೂಗಳಾದ್ದರಿಂದ ಹಿಂದೂ ವಿವಾಹ ಕಾಯ್ದೆಯಡಿ ಕುಂದಾಪುರದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಮದುವೆ ಅಲ್ಲೇ ನಡೆದಿದೆ, ಸಾಕ್ಷಿಗಳೂ ಅಲ್ಲೇ ಇದ್ದಾರೆ. ಕರ್ನಾಟಕದ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಅರ್ಜಿ ತುಂಬಿಟ್ಟರೆ ಡಿಸೆಂಬರಿನಲ್ಲಿ ಓಡಾಟ ಕಡಿಮೆ. ಆಮಂತ್ರಣ ಪತ್ರಿಕೆ, ಧಾರೆಯ ಫೋಟೋ, ಇಬ್ಬರ ವಯಸ್ಸು ಮತ್ತು ವಿಳಾಸದ ದಾಖಲೆ, ಮೂವರು ಸಾಕ್ಷಿಗಳ ಗುರುತಿನ ಚೀಟಿ ಸಿದ್ಧವಿರಲಿ.

ಇಲ್ಲಿ ಬಹಳ ಜನ ಎಡವುವುದು ದಿನಾಂಕದಲ್ಲಿ. ಪ್ರಮಾಣಪತ್ರದಲ್ಲಿ ಎರಡು ದಿನಾಂಕ ಇರುತ್ತವೆ: ಧಾರೆಯಾದ ದಿನ ಮತ್ತು ನೋಂದಣಿಯ ದಿನ. ನಿಮ್ಮ ಮದುವೆಯ ದಿನ ಫೆಬ್ರವರಿಯದು. ಗಂಡ ಒಂದು ಫಾರಂನಲ್ಲಿ ಫೆಬ್ರವರಿ ಬರೆದು, ನೀವು ಇನ್ನೊಂದರಲ್ಲಿ ಡಿಸೆಂಬರ್ ಬರೆದರೆ ಎರಡು ಮದುವೆಯೇ ಎಂಬ ಪ್ರಶ್ನೆ ಏಳುತ್ತದೆ. ಈ ದಿನಾಂಕಕ್ಕೆ ಇನ್ನೊಂದು ತೂಕವೂ ಇದೆ. ಅಮೆರಿಕದ ನೆಲಕ್ಕೆ ಕಾಲಿಡುವ ದಿನ ಮದುವೆಗೆ 2 ವರ್ಷ ತುಂಬಿರದಿದ್ದರೆ 2 ವರ್ಷದ ಷರತ್ತಿನ ಗ್ರೀನ್ ಕಾರ್ಡ್ ಸಿಗುತ್ತದೆ. ಅದು ಮುಗಿಯುವ ಮುಂಚಿನ 90 ದಿನದೊಳಗೆ ಷರತ್ತು ತೆಗೆಸುವ ಐ-751 ಎಂಬ ಅರ್ಜಿಯನ್ನು ಇಬ್ಬರೂ ಸೇರಿ ಹಾಕಬೇಕು. 2 ವರ್ಷ ತುಂಬಿದ್ದರೆ ಈ ಕೆಲಸವೇ ಇಲ್ಲ.

ಇದೇ ಪರಿಸ್ಥಿತಿಯ ಬೇರೆ ಓದುಗರಿಗಾಗಿ ಎರಡು ಮಾತು. ವಧೂವರರು ಬೇರೆ ಬೇರೆ ಧರ್ಮದವರಾಗಿದ್ದರೆ ವಿಶೇಷ ವಿವಾಹ ಕಾಯ್ದೆಯೇ ದಾರಿ, ಅದಕ್ಕೆ 30 ದಿನದ ನೋಟಿಸು ಬೇಕು. ರಜೆ ಎರಡೇ ವಾರ ಎಂದು ಬಂದವರಿಗೆ ಅದು ಆಗುವುದಿಲ್ಲ. ಹಿಂದೆ ಮದುವೆಯಾಗಿ ಬೇರೆಯಾದವರು ನ್ಯಾಯಾಲಯದ ಡಿಕ್ರಿ ಕೊಡಬೇಕು. ಜಾತಿ ಪಂಚಾಯಿತಿಯಲ್ಲಿ ಸ್ಟ್ಯಾಂಪ್ ಪೇಪರಿನ ಮೇಲೆ ಬರೆಸಿದ ಬಿಡುಗಡೆ ಪತ್ರ ಇಲ್ಲಿ ನಡೆಯುವುದಿಲ್ಲ.

ಅಪೊಸ್ಟಿಲ್ ಬೇಡ. ಅಮೆರಿಕದ ವಲಸೆ ವೀಸಾಕ್ಕೆ ಭಾರತದ ಜನನ, ವಿವಾಹ ಪ್ರಮಾಣಪತ್ರಗಳ ಮೇಲೆ ಅದನ್ನು ಕೇಳುವುದಿಲ್ಲ. ಬೇರೆ ಕೆಲವು ದೇಶಗಳು ಕೇಳುತ್ತವೆ, ಅದರಿಂದಲೇ ಈ ಗೊಂದಲ. ನಿಮಗೆ ಬೇಕಾದದ್ದು ಅನುವಾದ. ಕನ್ನಡದ ಜನನ ಪ್ರಮಾಣಪತ್ರ, ಮರಾಠಿಯ ಎಲ್‌ಸಿ ಎರಡಕ್ಕೂ ಇಂಗ್ಲಿಷ್ ಅನುವಾದ ಮಾಡಿಸಿ, ಕೆಳಗೆ ಅನುವಾದಕರು ‘ಎರಡೂ ಭಾಷೆ ನನಗೆ ಚೆನ್ನಾಗಿ ಬರುತ್ತದೆ, ಅನುವಾದ ಪೂರ್ಣ ಮತ್ತು ಸರಿಯಾಗಿದೆ’ ಎಂದು ಬರೆದು ಹೆಸರು, ಸಹಿ, ದಿನಾಂಕ ಹಾಕಬೇಕು. ಮುದ್ರೆಯ ಅಕ್ಷರ, ಅಂಚಿನ ಬರಹ, ಹಿಂಬದಿಯ ಸಾಲು ಎಲ್ಲವೂ ಅನುವಾದವಾಗಲಿ. ಖಾಲಿ ಇರುವ ಹೆಸರಿನ ಜಾಗವನ್ನು ಅನುವಾದದಲ್ಲೂ ಖಾಲಿಯೆಂದೇ ತೋರಿಸಬೇಕು. ಉಪಕಾರ ಮಾಡುವ ಉತ್ಸಾಹದಲ್ಲಿ ಅನುವಾದಕರು ‘ಸುಜಾತಾ’ ಎಂದು ತುಂಬಿಕೊಟ್ಟರೆ ಅಲ್ಲಿಗೆ ನಿಮ್ಮ ಕಡತ ಕೆಟ್ಟಿತು. ಗಂಡ ಹೆಂಡತಿ ತಾವೇ ಅನುವಾದಿಸುವುದಕ್ಕಿಂತ ಮೂರನೆಯವರಿಂದ ಮಾಡಿಸುವುದು ಒಳ್ಳೆಯದು.

ಅರ್ಜಿಯ ಹಾದಿ ಹೀಗಿದೆ. ಹೆಂಡತಿಯನ್ನು ಕರೆಸಿಕೊಳ್ಳಲು ಗಂಡ ಐ-130 ಎಂಬ ಅರ್ಜಿ ಸಲ್ಲಿಸುತ್ತಾರೆ, ಜೊತೆಗೆ ನಿಮ್ಮ ವಿವರದ ಐ-130ಎ. ನೀವು ವಿದೇಶದಲ್ಲಿರುವುದರಿಂದ ಅದಕ್ಕೆ ನಿಮ್ಮ ಸಹಿ ಬೇಕಿಲ್ಲ, ಆದರೆ ಫಾರಂ ತುಂಬಿರಲೇಬೇಕು. ಅದು ಒಪ್ಪಿಗೆಯಾದ ಮೇಲೆ ಕಡತ ಅಮೆರಿಕದ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿ ನೀವು ಡಿಎಸ್-260 ಎಂಬ ವಲಸೆ ವೀಸಾ ಅರ್ಜಿ ತುಂಬುತ್ತೀರಿ, ಗಂಡ ಐ-864 ಎಂಬ ಪೋಷಣೆಯ ಮುಚ್ಚಳಿಕೆ ಕೊಡುತ್ತಾರೆ. ಕೊನೆಗೆ ವೈದ್ಯಕೀಯ ಪರೀಕ್ಷೆ ಮತ್ತು ಮುಂಬಯಿಯಲ್ಲಿ ಸಂದರ್ಶನ. ಪೌರರ ಹೆಂಡತಿಗೆ ವಾರ್ಷಿಕ ಮಿತಿಯ ಸಾಲು ಇಲ್ಲ, ಗಂಡನಿಗೆ ಗ್ರೀನ್ ಕಾರ್ಡ್ ಮಾತ್ರ ಇರುವವರಿಗೆ ಇದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರದಂತೆ ಐ-130ಕ್ಕೆ ಆನ್‌ಲೈನ್ ಆದರೆ 625 ಡಾಲರ್, ಕಾಗದದಲ್ಲಾದರೆ 675. ಆಮೇಲೆ ವೀಸಾ ಶುಲ್ಕ 325, ಮುಚ್ಚಳಿಕೆಗೆ 120, ಹೊರಡುವ ಮುನ್ನ ಗ್ರೀನ್ ಕಾರ್ಡಿನ 235. ಕಟ್ಟುವ ದಿನ ಅಧಿಕೃತ ತಾಣದಲ್ಲಿ ದರ ಮತ್ತೊಮ್ಮೆ ನೋಡಿ. ಏಜೆಂಟರ 85,000 ಇದರೊಳಗೆ ಬರುವುದೇ ಇಲ್ಲ, ಅದು ಪ್ರತ್ಯೇಕ. ಯಾರಿಂದಲಾದರೂ ಫಾರಂ ತುಂಬಿಸಿಕೊಂಡರೆ ತುಂಬಿದವರ ಹೆಸರನ್ನು ಫಾರಂನಲ್ಲೇ ಹೇಳಬೇಕು. ‘ನನ್ನ ಹೆಸರು ಹಾಕಬೇಡಿ’ ಎನ್ನುವವರ ಕೈಗೆ ಕಡತ ಕೊಡಬೇಡಿ.

ಐ-130ಎ ನಿಮ್ಮ 5 ವರ್ಷದ ವಿಳಾಸ ಮತ್ತು ಕೆಲಸ ಕೇಳುತ್ತದೆ, ಡಿಎಸ್-260 16ನೇ ವಯಸ್ಸಿನಿಂದ ಇದ್ದ ಎಲ್ಲ ವಿಳಾಸ ಕೇಳುತ್ತದೆ. ಇಂದೇ ಒಂದು ನೋಟ್‌ಬುಕ್ಕಿನಲ್ಲಿ ತಿಂಗಳು, ವರ್ಷ ಸಮೇತ ಬರೆದಿಡಿ, ದುಬೈಯ ಕೋಣೆಯೂ ಸೇರಿ. ದುಬೈ ಬಿಟ್ಟುಬಿಡುವ ಯೋಚನೆ ಬೇಡ. ಬೇರೆ ಯಾವುದೇ ದೇಶದಲ್ಲಿ 12 ತಿಂಗಳು ಅಥವಾ ಹೆಚ್ಚು ಇದ್ದರೆ ಆ ದೇಶದ ಪೊಲೀಸ್ ಪ್ರಮಾಣಪತ್ರ ಬೇಕು, ನೀವು 14 ಇದ್ದೀರಿ. ಹಳೆಯ ಎಮಿರೇಟ್ಸ್ ಐಡಿಯ (ಅಲ್ಲಿನ ಗುರುತಿನ ಚೀಟಿ) ನಕಲು ಹುಡುಕಿಟ್ಟುಕೊಳ್ಳಿ, ಅದಿಲ್ಲದೆ ಅಲ್ಲಿನ ಅರ್ಜಿ ತೊಡಕಾಗುತ್ತದೆ. ಭಾರತದ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನು (ಪಿಸಿಸಿ) ಪಾಸ್‌ಪೋರ್ಟ್ ಸೇವಾ ಮೂಲಕವೇ ತೆಗೆಯಬೇಕು, ಶುಲ್ಕ 500 ರೂಪಾಯಿ. ಡೊಂಬಿವಲಿಯ ಪೊಲೀಸ್ ಠಾಣೆ ತನ್ನ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟದ್ದು ನಡೆಯುವುದಿಲ್ಲ. ಇದನ್ನು ತೀರಾ ಮೊದಲೇ ತೆಗೆದರೆ ಸಂದರ್ಶನದ ಹೊತ್ತಿಗೆ ಹಳತಾಗುತ್ತದೆ. ಐ-130 ಒಪ್ಪಿಗೆಯಾದ ಮೇಲೆ ಸಾಕು.

ಹಣದ ವಿಷಯ ಗಂಡನದು. 2025ರ ಲೆಕ್ಕದಲ್ಲಿ ಇಬ್ಬರ ಸಂಸಾರಕ್ಕೆ ವರ್ಷಕ್ಕೆ ಸುಮಾರು 26,437 ಡಾಲರ್ ಆದಾಯ ಬೇಕಿತ್ತು, ಪ್ರತಿ ವರ್ಷ ಈ ಅಂಕಿ ಬದಲಾಗುತ್ತದೆ. ಕಡಿಮೆಯಿದ್ದರೆ ಅಮೆರಿಕದಲ್ಲೇ ನೆಲೆಸಿದ ಪೌರರು ಅಥವಾ ಗ್ರೀನ್ ಕಾರ್ಡಿನವರು ಜಂಟಿ ಪೋಷಕರಾಗಬಹುದು. ಮುಂಬಯಿಯಲ್ಲಿರುವ ಮಾವನ ಆದಾಯ ಲೆಕ್ಕಕ್ಕೆ ಬರುವುದಿಲ್ಲ.

ಸಂಸಾರ ನಿಜ ಎಂದು ತೋರಿಸಲು ಆಲ್ಬಂ ಪೂರ್ತಿ ಬೇಡ. ನಿಶ್ಚಿತಾರ್ಥ, ಧಾರೆ, ಎರಡೂ ಮನೆಯವರು ಒಟ್ಟಿಗೆ ಕುಳಿತ ಊಟ, ಡಿಸೆಂಬರಿನ ಭೇಟಿ, ಹೀಗೆ ಬೇರೆ ಬೇರೆ ಕಾಲದ 12-15 ಫೋಟೋ ಆರಿಸಿ, ಪ್ರತಿಯೊಂದರ ಕೆಳಗೆ ದಿನ, ಊರು, ಯಾರು ಯಾರು ಎಂದು ಬರೆಯಿರಿ. ನೀವಿಬ್ಬರು ಮದುವೆಯ ನಂತರ ಎರಡೇ ವಾರ ಜೊತೆಗಿದ್ದದ್ದೇ ಅಧಿಕಾರಿ ಹೆಚ್ಚು ಕೇಳುವ ವಿಷಯವಾಗಬಹುದು. ಆದ್ದರಿಂದ ಗಂಡನ ವಿಮಾನದ ಟಿಕೆಟ್, ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟಿನ ಮುದ್ರೆ, ತಿಂಗಳಿಗೆ ಒಂದೆರಡು ಪುಟದಂತೆ ವಾಟ್ಸ್‌ಆ್ಯಪ್ ಕರೆಗಳ ಪಟ್ಟಿ, ಹಣ ಕಳಿಸಿದ ದಾಖಲೆ, ವಿಮೆಯಲ್ಲಿ ನಾಮಿನಿ ಮಾಡಿದ್ದರೆ ಅದು, ಇವು ಫೋಟೋಗಿಂತ ಬೆಲೆಯುಳ್ಳವು.

ಟೂರಿಸ್ಟ್ ವೀಸಾದ ಬಗ್ಗೆ ಮನೆಯವರಿಗೆ ಸ್ಪಷ್ಟವಾಗಿ ಹೇಳಿ. ಅಲ್ಲೇ ಉಳಿಯುವ ಉದ್ದೇಶ ಇಟ್ಟುಕೊಂಡು ‘ನೋಡಿಕೊಂಡು ಬರುತ್ತೇನೆ’ ಎಂದು ಅರ್ಜಿ ಹಾಕಿದರೆ ಅದೇ ಸುಳ್ಳು ಹೇಳಿಕೆ. ಆ ಅರ್ಜಿಯಲ್ಲಿ ‘ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಹಾಕಿದ್ದಾರೆಯೇ’ ಎಂಬ ನೇರ ಪ್ರಶ್ನೆಯೂ ಇದೆ. ಹೌದು ಎಂದರೆ ವೀಸಾ ಸಿಗುವುದು ಕಷ್ಟ, ಅರ್ಜಿ ಹಾಕಿದ್ದೂ ಇಲ್ಲ ಎಂದರೆ ಮೇಲೆ ಹೇಳಿದ ಜೀವನಪರ್ಯಂತದ ನಿಷೇಧ.

ಸಂದರ್ಶನದ ದಿನ ಒಂದು ಕಾಗದ ಕಡಿಮೆ ಎಂದು 221(ಜಿ) ಎಂಬ ಚೀಟಿ ಕೊಟ್ಟರೆ ಅಳುತ್ತಾ ಹೊರಬರಬೇಡಿ. ಅದು ಕೊನೆಯ ನಿರಾಕರಣೆಯಲ್ಲ. ಚೀಟಿಯಲ್ಲಿ ಕೇಳಿದ್ದನ್ನು ಕೊಡಲು ಒಂದು ವರ್ಷದ ಕಾಲಾವಕಾಶ ಇದೆ.

ಡಿಸೆಂಬರಿಗೆ ಮೊದಲು ಪಾಸ್‌ಪೋರ್ಟ್ ಮತ್ತು ಜನನ ದಾಖಲೆ ಮುಗಿಸಿ. ಗಂಡ ಬಂದ ಮೊದಲ ವಾರದಲ್ಲೇ ಕುಂದಾಪುರದ ನೋಂದಣಿ ಮಾಡಿಸಿ, ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಕೌಂಟರಿನಲ್ಲೇ ನಿಂತು ಇಬ್ಬರ ಹೆಸರು, ತಂದೆಯ ಹೆಸರು, ಫೆಬ್ರವರಿಯ ದಿನಾಂಕ ಅಕ್ಷರ ಅಕ್ಷರ ಓದಿ. ತಪ್ಪಿದ್ದರೆ ಆ ಹೊತ್ತಿಗೇ ತಿದ್ದಿಸಿ, ಏಕೆಂದರೆ ಗಂಡ ವಿಮಾನ ಹತ್ತಿದ ಮೇಲೆ ತಿದ್ದಿಸಲು ಇಬ್ಬರೂ ಮತ್ತೆ ಕುಂದಾಪುರಕ್ಕೆ ಹೋಗಬೇಕಾಗಬಹುದು.